ಕೌಚ್ ಟು 5ಕೆ ವಿಮರ್ಶೆ: ಎಲ್ಲರೂ ಹೆದರುವುದು ಐದನೇ ವಾರಕ್ಕೆ, ಕಾಲು ಕೆಡುವುದು ನಾಲ್ಕನೇ ವಾರದಲ್ಲಿ

ಓಡೋಕೆ ಶುರುಮಾಡಬೇಕು ಅಂತ ಬಾಯಿಬಿಟ್ಟ ಮರುಗಳಿಗೆಯಲ್ಲೇ ಯಾರಾದರೊಬ್ಬರು ‘ಕೌಚ್ ಟು 5ಕೆ ಹಾಕ್ಕೋ’ ಅಂದಿರುತ್ತಾರೆ. ಸೋಫಾ ಬಿಟ್ಟು ಏಳದವರನ್ನು ಒಂಬತ್ತು ವಾರದಲ್ಲಿ ಐದು ಕಿಲೋಮೀಟರ್ ಓಡಿಸುತ್ತೇನೆ ಎಂಬುದು ಅದರ ಭರವಸೆ. 1996ರಲ್ಲಿ ಜೋಶ್ ಕ್ಲಾರ್ಕ್ ಎಂಬ ಅಮೆರಿಕದ ಯುವಕ ತನ್ನ ತಾಯಿಯನ್ನು ಓಟಕ್ಕೆ ಹಚ್ಚಲು ಹಾಕಿಕೊಟ್ಟ ವೇಳಾಪಟ್ಟಿ ಇದು. ಆಮೇಲೆ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇದನ್ನು ಮೊದಲು ಪಾಡ್‌ಕಾಸ್ಟ್ ಆಗಿ, 2016ರಿಂದ ಆಪ್ ಆಗಿ ಪುಕ್ಕಟೆ ಕೊಟ್ಟಿತು. ಅದರಲ್ಲಿ ಹಾಸ್ಯಗಾರ್ತಿ ಸಾರಾ ಮಿಲಿಕನ್, ಓಟಗಾರ ಮೈಕಲ್ ಜಾನ್ಸನ್ ಮುಂತಾದವರ ದನಿ ಕಿವಿಯಲ್ಲಿ ‘ಈಗ ಓಡಿ, ಈಗ ನಡೆಯಿರಿ’ ಅನ್ನುತ್ತದೆ. ಇದೇ ಪಟ್ಟಿಯನ್ನು ಇಟ್ಟುಕೊಂಡ ಆಪ್‌ಗಳು ಹತ್ತಾರಿವೆ. ಹಾಗಾಗಿ ಇಲ್ಲಿ ಒರೆಗೆ ಹಚ್ಚುತ್ತಿರುವುದು ಯಾವುದೋ ಒಂದು ಆಪನ್ನಲ್ಲ, ಮೂಲದ ಪಟ್ಟಿಯನ್ನೇ.

ತೀರ್ಪು ಮೊದಲೇ ಹೇಳಿಬಿಡೋಣ. ಮೊದಲ ಮೂರು ವಾರಗಳ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಆರಂಭ ಸಿಗುವುದು ಕಷ್ಟ. ನಾಲ್ಕನೇ ವಾರವನ್ನು ಮಾತ್ರ ಇದ್ದ ಹಾಗೇ ಒಪ್ಪಿಕೊಳ್ಳಬೇಡಿ. ಒಂಬತ್ತು ವಾರದ ಗಡುವನ್ನು ಹದಿನೈದು ವಾರದ ಆಸುಪಾಸಿಗೆ ಎಳೆದುಕೊಂಡರೆ ಮೈಗೂ ಮನಸ್ಸಿಗೂ ಒಗ್ಗುತ್ತದೆ. ಅಕ್ಷರಶಃ ಪಾಲಿಸಹೊರಟರೆ, ಅದರಲ್ಲೂ ಮನಸ್ಸು ಮೊದಲೇ ಕುಗ್ಗಿರುವ ದಿನಗಳಲ್ಲಿ, ಬೆನ್ನು ತಟ್ಟಬೇಕಾದ ಪಟ್ಟಿಯೇ ಬೆತ್ತ ಹಿಡಿದ ಮೇಷ್ಟ್ರಾಗಿಬಿಡುತ್ತದೆ.

ಪಟ್ಟಿಯಲ್ಲಿ ಏನಿದೆ

ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಪ್ರತಿ ಸಲವೂ ಐದು ನಿಮಿಷ ಬಿರುಸು ನಡಿಗೆಯಿಂದ ಶುರು, ಕೊನೆಗೆ ಮತ್ತೆ ಐದು ನಿಮಿಷ ನಡಿಗೆ.

ಮೊದಲ ವಾರ 60 ಸೆಕೆಂಡು ಓಟ, 90 ಸೆಕೆಂಡು ನಡಿಗೆ, ಹೀಗೆ ಎಂಟು ಸಲ. ಎರಡನೇ ವಾರ ಒಂದೂವರೆ ನಿಮಿಷ ಓಟ, ಎರಡು ನಿಮಿಷ ನಡಿಗೆ, ಆರು ಸಲ. ಮೂರನೇ ವಾರ ಒಂದೂವರೆ ನಿಮಿಷ ಓಡಿ ಅಷ್ಟೇ ಹೊತ್ತು ನಡೆದು, ಮೂರು ನಿಮಿಷ ಓಡಿ ಮೂರು ನಿಮಿಷ ನಡೆಯುವುದು. ಇದು ಎರಡು ಸಲ. ನಾಲ್ಕನೇ ವಾರ ಮೂರು, ಐದು, ಮೂರು, ಐದು ನಿಮಿಷಗಳ ನಾಲ್ಕು ಓಟ, ನಡುನಡುವೆ ಒಂದೂವರೆ, ಎರಡೂವರೆ, ಒಂದೂವರೆ ನಿಮಿಷ ನಡಿಗೆ. ಐದು, ಆರನೇ ವಾರಗಳಲ್ಲಿ ಮೂರು ದಿನವೂ ಬೇರೆ ಬೇರೆ. ಐದನೇ ವಾರದ ಮೊದಲ ದಿನ ಐದೈದು ನಿಮಿಷದ ಮೂರು ಓಟ, ಎರಡನೇ ದಿನ ಎಂಟೆಂಟು ನಿಮಿಷದ ಎರಡು, ಮೂರನೇ ದಿನ ನಡಿಗೆಯೇ ಇಲ್ಲದೆ ಒಂದೇ ಸಮ 20 ನಿಮಿಷ. ಆರನೇ ವಾರ 5-8-5, ಆಮೇಲೆ 10-10, ಕೊನೆಗೆ 25. ಏಳನೇ ವಾರ ಮೂರೂ ದಿನ 25 ನಿಮಿಷ, ಎಂಟನೆಯದರಲ್ಲಿ 28, ಒಂಬತ್ತರಲ್ಲಿ 30.

ಇದರ ಜಾಣತನ ಇರುವುದು ಮೊದಲ ದಿನದಲ್ಲಿ. ಮನೆಯಿಂದ ಹೊರಟು ಮರಳುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ, ಓಡಿದ್ದು ಮಾತ್ರ ಎಂಟೇ ನಿಮಿಷ. ಹತ್ತು ವರ್ಷ ಓಡದವರಿಗೂ ಇದು ಆಗದ ಕೆಲಸವಲ್ಲ. ‘ನಾಳೆಯಿಂದ ದಿನಾ ಒಂದು ಗಂಟೆ’ ಎಂದು ಜನವರಿ ಒಂದಕ್ಕೆ ಜಿಮ್ಮಿಗೆ ವರ್ಷದ ದುಡ್ಡು ಕಟ್ಟುವ ಶಪಥಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ. ಮೊದಲ ದಿನವೇ ಸುಸ್ತಾಗಿ ಬಿದ್ದುಕೊಂಡವರು ಎರಡನೇ ದಿನ ಬರುವುದಿಲ್ಲ, ಈ ಪಟ್ಟಿ ಮೊದಲ ದಿನ ‘ಇಷ್ಟೇನಾ’ ಅನ್ನಿಸಿ ಕಳಿಸುತ್ತದೆ.

ಹೆಸರಿನಲ್ಲಿ ಒಂದು ಚಿಕ್ಕ ಮೋಸವಿದೆ. ಒಂಬತ್ತನೇ ವಾರದ ಕೊನೆಗೆ ಆಗುವುದು 30 ನಿಮಿಷದ ಓಟ, 5 ಕಿಲೋಮೀಟರ್ ಅಲ್ಲ. ಅರ್ಧ ಗಂಟೆಯಲ್ಲಿ 5 ಕಿಲೋಮೀಟರ್ ಆಗಬೇಕಾದರೆ ಕಿಲೋಮೀಟರಿಗೆ 6 ನಿಮಿಷದ ವೇಗ ಬೇಕು. ಹೊಸಬರು ಸಾಮಾನ್ಯವಾಗಿ 8 ನಿಮಿಷದ ಆಸುಪಾಸಿನಲ್ಲಿ ಇರುತ್ತಾರೆ, ಅಂದರೆ 30 ನಿಮಿಷಕ್ಕೆ 3.75 ಕಿಲೋಮೀಟರ್. ಇದು ಸೋಲಲ್ಲ, ಲೆಕ್ಕ. ಗೊತ್ತಿಲ್ಲದವರು ಕೊನೆಯ ವಾರ ಫೋನಿನಲ್ಲಿ 3.7 ನೋಡಿ ‘ನನ್ನ ಕೈಲಿ ಆಗಲಿಲ್ಲ’ ಎಂದು ಕೈಚೆಲ್ಲುತ್ತಾರೆ, ಇಲ್ಲವೇ ದೂರ ಮುಟ್ಟಿಸಲು ವೇಗ ಏರಿಸಿ ಮೀನಖಂಡ ಹಿಡಿಸಿಕೊಳ್ಳುತ್ತಾರೆ.

ನಾಲ್ಕನೇ ವಾರದ ಲೆಕ್ಕ

ಈ ಪಟ್ಟಿಯ ಬಗ್ಗೆ ಎಲ್ಲಿ ಮಾತು ಬಂದರೂ ಐದನೇ ವಾರದ ಮೂರನೇ ದಿನದ ಭಯವೇ ಮುಂದೆ ಬರುತ್ತದೆ. ಎಂಟು ನಿಮಿಷದಿಂದ ಒಮ್ಮೆಲೇ ಇಪ್ಪತ್ತಕ್ಕೆ ನೆಗೆತ, ನಿಜ. ಆದರೆ ನಡಿಗೆಯನ್ನು ಬಿಟ್ಟು ಓಡಿದ ನಿಮಿಷಗಳನ್ನಷ್ಟೇ ವಾರವಾರಕ್ಕೂ ಕೂಡಿ ನೋಡಿ: 24, 27, 27, 48, 51, 63, 75, 84, 90.

ಮೂರರಿಂದ ನಾಲ್ಕಕ್ಕೆ 27 ಇದ್ದದ್ದು 48 ಆಗಿದೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಏರಿಕೆ, ಒಂದೇ ವಾರದಲ್ಲಿ. ಐದನೇ ವಾರದಲ್ಲಿ ಏರುವುದು ಬರೀ ಮೂರು ನಿಮಿಷ. ಅಂದರೆ ಇಪ್ಪತ್ತು ನಿಮಿಷದ ಓಟ ಹೆಚ್ಚಾಗಿ ತಲೆಗೆ ಬಿದ್ದ ಹೊರೆ. ಕಾಲಿಗೆ ಹೊರೆ ಬಿದ್ದದ್ದು ಅದಕ್ಕೂ ಹಿಂದಿನ ವಾರವೇ.

ಇದು ಯಾಕೆ ಮುಖ್ಯ ಅಂದರೆ, ಮೈಯ ಎಲ್ಲ ಭಾಗಗಳೂ ಒಂದೇ ವೇಗದಲ್ಲಿ ಗಟ್ಟಿಯಾಗುವುದಿಲ್ಲ. ಎರಡು ಮೂರು ವಾರದಲ್ಲಿ ಏದುಸಿರು ಕಮ್ಮಿಯಾಗುತ್ತದೆ, ಮೆಟ್ಟಿಲು ಹತ್ತುವಾಗ ಗೊತ್ತಾಗುತ್ತದೆ. ಸ್ನಾಯುವನ್ನು ಮೂಳೆಗೆ ಬಿಗಿಯುವ ನರದಂಥ ಕಟ್ಟುಗಳು, ಮೊಣಕಾಲ ಕೆಳಗಿನ ಮೂಳೆ, ಹಿಮ್ಮಡಿಯ ಅಡಿಯ ಪಟ್ಟಿ ಇವೆಲ್ಲ ಹೊಸ ಹೊರೆಗೆ ಒಗ್ಗಲು ತಿಂಗಳುಗಳೇ ಬೇಕು. ನಾಲ್ಕನೇ ವಾರದಲ್ಲಿ ಉಸಿರು ‘ಹೋಗೋಣ’ ಅನ್ನುತ್ತದೆ, ಮೂಳೆ ‘ತಾಳು’ ಅನ್ನುತ್ತದೆ; ಉಸಿರಿನ ಮಾತು ಕೇಳಿದವರಿಗೆ ಐದು, ಆರನೇ ವಾರದಲ್ಲಿ ನೋವು ಶುರುವಾಗುತ್ತದೆ. ಆಗ ಬೈಗುಳವೆಲ್ಲ ಐದನೇ ವಾರದ ಪಾಲಿಗೆ.

ತಿದ್ದುಪಡಿ ಸುಲಭ. ಮೂರನೇ ವಾರ ಮುಗಿದ ಮೇಲೆ ಒಂದು ಸೇತುವೆ ವಾರ ಹಾಕಿಕೊಳ್ಳಿ: ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆ, ನಾಲ್ಕು ಸಲ. ದಿನಕ್ಕೆ 12 ನಿಮಿಷ, ವಾರಕ್ಕೆ 36. ಆಮೇಲೆ ನಾಲ್ಕನೇ ವಾರವನ್ನು ಎರಡು ಸಲ ಮಾಡಿ. ಐದನೇ ವಾರದ ಎರಡನೇ ದಿನಕ್ಕೂ ಮೂರನೇ ದಿನಕ್ಕೂ ನಡುವೆ ಇನ್ನೊಂದು ದಿನ ತೂರಿಸಿ: 12 ನಿಮಿಷ ಓಟ, ಒಂದು ನಿಮಿಷ ನಡಿಗೆ, 8 ನಿಮಿಷ ಓಟ. ಇಪ್ಪತ್ತು ನಿಮಿಷ ಕಾಲಿಗೆ ಪರಿಚಯವಾದ ಮೇಲೆ ನಡುವಿನ ಒಂದು ನಿಮಿಷ ಬಿಡುವುದು ದೊಡ್ಡ ಮಾತಲ್ಲ.

ಇಪ್ಪತ್ತು ಮುಗಿಸಿದ ಹುಮ್ಮಸ್ಸಿನಲ್ಲಿ ಆರನೇ ವಾರದ 5-8-5 ನೋಡಿ ‘ಇದು ಹಿಂದಕ್ಕೆ ಹೋದಂಗಾಯ್ತಲ್ಲ’ ಎಂದು ಹಾರಿಸುವವರು ಬಹಳ. ಹಾರಿಸಬೇಡಿ. ಪಟ್ಟಿಯಲ್ಲಿ ಬುದ್ಧಿಯಿಂದ ಇಟ್ಟ ಜಾಗಗಳಲ್ಲಿ ಅದೂ ಒಂದು.

ವೇಗ: ಏಳರ ಮಗ್ಗಿ ಸಾಕು

ಹೊಸಬರ ಓಟ ಕೆಡುವುದಕ್ಕೆ ನೂರು ಕಾರಣ ಹೇಳಬಹುದು, ತೊಂಬತ್ತು ಪಾಲು ಒಂದೇ: ಜೋರಾಗಿ ಓಡುವುದು. ಓಟ ಅಂದಕೂಡಲೇ ನಮಗೆ ನೆನಪಾಗುವುದು ಸ್ಕೂಲಿನ ನೂರು ಮೀಟರ್ ರೇಸು. 60 ಸೆಕೆಂಡು ಸಿಕ್ಕಿದೆ ಎಂದು ಬಾಣದಂತೆ ಹೊರಟರೆ ನಾಲ್ಕನೇ ಸುತ್ತಿಗೇ ಪಕ್ಕೆ ಹಿಡಿದುಕೊಳ್ಳುತ್ತದೆ.

ಆಪ್‌ಗಳು ‘ಮಾತಾಡುವಷ್ಟು ನಿಧಾನ’ ಅನ್ನುತ್ತವೆ. ಒಬ್ಬರೇ ಓಡುವಾಗ ಯಾರ ಹತ್ತಿರ ಮಾತಾಡುವುದು? ಮಗ್ಗಿ ಹೇಳಿ. ಓಡುತ್ತಲೇ ‘ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು, ಏಳ್ಮೂರ್ಲಿ ಇಪ್ಪತ್ತೊಂದು’ ಎಂದು ಮೂರು ಸಾಲು ಒಂದೇ ಉಸಿರಿನಲ್ಲಿ, ಪಿಸುಗುಟ್ಟದೆ, ಮಾಮೂಲಿ ದನಿಯಲ್ಲಿ ಬರಬೇಕು. ಎರಡನೇ ಸಾಲಿಗೇ ಉಸಿರು ಕಡಿದರೆ ವೇಗ ಜಾಸ್ತಿ. ಐದು ಸಾಲು ಸಲೀಸಾಗಿ ಬಂದರೆ ಸ್ವಲ್ಪ ಏರಿಸಬಹುದು, ಏರಿಸದಿದ್ದರೂ ನಷ್ಟವಿಲ್ಲ. ಪಕ್ಕದಲ್ಲಿ ಬಿರುಸಾಗಿ ನಡೆಯುವ ಅಜ್ಜ ನಿಮ್ಮನ್ನು ದಾಟಿ ಮುಂದೆ ಹೋದರೆ ತಲೆ ತಗ್ಗಿಸಬೇಕಾಗಿಲ್ಲ, ಮೊದಲ ತಿಂಗಳು ಹಾಗೇ ಆಗಬೇಕು.

ಹೆಜ್ಜೆ ಚಿಕ್ಕದಿರಲಿ, ಪಾದ ಮೈಯ ಕೆಳಗೇ ಬೀಳಲಿ. ಕಾಲನ್ನು ಮುಂದಕ್ಕೆ ಚಾಚಿ ಹಿಮ್ಮಡಿ ಊರಿದರೆ ಪ್ರತಿ ಹೆಜ್ಜೆಯೂ ಬ್ರೇಕ್ ಹಾಕಿದಂತೆ, ಆ ಏಟೆಲ್ಲ ಮಂಡಿಗೆ. ಸಪ್ಪಳ ಕೇಳಿಸಿಕೊಳ್ಳಿ: ‘ದಪ್ ದಪ್’ ಅಂದರೆ ಹೆಜ್ಜೆ ಉದ್ದವಾಗಿದೆ, ‘ಚಪ ಚಪ’ ಅಂದರೆ ಸರಿ. ಪಕ್ಕೆ ಹಿಡಿದರೆ ನಿಂತು ಬಗ್ಗುವ ಬದಲು ನಡೆಯುತ್ತಾ ಬಾಯಿಂದ ಉದ್ದಕ್ಕೆ ಉಸಿರು ಬಿಡಿ, ನೋವಿರುವ ಕಡೆ ಬೆರಳಿನಿಂದ ಒತ್ತಿ. ಓಟಕ್ಕೆ ಎರಡು ಗಂಟೆ ಮುಂಚೆ ಹೊಟ್ಟೆ ತುಂಬ ದೋಸೆ ತಿಂದಿದ್ದರೆ ಕಾರಣ ಹುಡುಕಬೇಕಾಗಿಲ್ಲ. ಬೆಳಿಗ್ಗೆ ಓಡುವವರಿಗೆ ಅರ್ಧ ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಅರ್ಧ ಗಂಟೆಯ ಈ ಕೆಲಸಕ್ಕೆ ಬಣ್ಣದ ಎನರ್ಜಿ ಡ್ರಿಂಕ್ ಬೇಕಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಬಿಪಿ, ಹೃದಯದ ತೊಂದರೆ ಇರುವವರು ಮೊದಲ ದಿನಕ್ಕೂ ಮುಂಚೆ ಡಾಕ್ಟರನ್ನು ಕೇಳಲೇಬೇಕು.

ನೋವುಗಳಲ್ಲಿ ಎರಡು ಜಾತಿ. ತೊಡೆ, ಮೀನಖಂಡದ ಉದ್ದಕ್ಕೂ ಹರಡಿಕೊಂಡ, ಎರಡೂ ಕಾಲಿಗೆ ಸಮನಾದ, ಎರಡು ದಿನಕ್ಕೆ ಇಳಿಯುವ ನೋವು ಕೆಲಸದ ನೋವು. ಒಂದೇ ಕಾಲಿನಲ್ಲಿ, ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸಬಹುದಾದ, ಓಡಿದಷ್ಟೂ ಏರುವ ನೋವು ಬೇರೆ. ಮೊಣಕಾಲ ಕೆಳಗೆ ಮುಂಗಾಲಿನ ಮೂಳೆಯ ಒಳಬದಿಯಲ್ಲಿ ಉದ್ದಕ್ಕೆ ನೋವಿದ್ದರೆ ಓಟ ನಿಲ್ಲಿಸಿ ಒಂದು ವಾರ ನಡಿಗೆಗಷ್ಟೇ ಇಳಿಯಿರಿ. ಅದೇ ಮೂಳೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟೇ ಜಾಗದಲ್ಲಿ ಚುಚ್ಚಿದಂತಾಗಿ, ರಾತ್ರಿ ಮಲಗಿದಾಗಲೂ ನೋಯುತ್ತಿದ್ದರೆ ಮೂಳೆ ಬಿರುಕು ಬಿಟ್ಟಿರಬಹುದು, ಮೂಳೆ ಡಾಕ್ಟರಿಗೆ ತೋರಿಸಿ. ಬೆಳಿಗ್ಗೆ ಹಾಸಿಗೆಯಿಂದ ಇಳಿದ ಮೊದಲ ಹೆಜ್ಜೆಗೇ ಹಿಮ್ಮಡಿ ಚುರುಕ್ ಅಂದರೆ ಮನೆಯಲ್ಲಿ ಬರಿಗಾಲಲ್ಲಿ ಮಾರ್ಬಲ್ ಮೇಲೆ ಓಡಾಡುವುದನ್ನು ಬಿಟ್ಟು ಮೆತ್ತನೆಯ ಚಪ್ಪಲಿ ಹಾಕಿ, ಮೀನಖಂಡ ಹಿಗ್ಗಿಸುವ ವ್ಯಾಯಾಮ ಮಾಡಿ.

ಶೂ ಬಗ್ಗೆ ಅಂಗಡಿಯವರು ಹೇಳುವಷ್ಟು ತಲೆಕೆಡಿಸಿಕೊಳ್ಳಬೇಡಿ. ಓಟದ ಶೂ 500ರಿಂದ 800 ಕಿಲೋಮೀಟರ್ ಬಾಳುತ್ತದೆ, ಈ ಪಟ್ಟಿಯ 27 ದಿನಗಳು ಸೇರಿದರೂ ನೂರರ ಆಸುಪಾಸು. ಸಂಜೆ ಹೊತ್ತು, ಕಾಲು ಸ್ವಲ್ಪ ಊದಿರುವಾಗ, ಓಡುವಾಗ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಹಿಮ್ಮಡಿ ಜಾರಬಾರದು. ಈ ಎರಡು ಸರಿಯಿದ್ದರೆ ಅಗ್ಗದ್ದೇ ಸಾಕು.

ಮನಸ್ಸಿನ ವಿಷಯಕ್ಕೆ ಬಂದರೆ

ಓಟದಿಂದ ಖಿನ್ನತೆ ಓಡಿಹೋಗುತ್ತದೆ ಎಂಬ ಪೋಸ್ಟರ್ ಮಾತು ಬೇಡ. ಗೊತ್ತಿರುವುದು ಇಷ್ಟು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 50 ವರ್ಷ ದಾಟಿದ, ಖಿನ್ನತೆಯಿದ್ದ 156 ಜನರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಸರ್ಟ್ರಲೀನ್ ಎಂಬ ಖಿನ್ನತೆಯ ಮಾತ್ರೆ, ಒಂದಕ್ಕೆ ಎರಡನ್ನೂ ಕೊಟ್ಟರು. 16 ವಾರದ ಕೊನೆಗೆ ಮೂರೂ ಗುಂಪು ಹೆಚ್ಚುಕಮ್ಮಿ ಒಂದೇ ಮಟ್ಟಕ್ಕೆ ಸುಧಾರಿಸಿದ್ದವು, ಮಾತ್ರೆಯ ಗುಂಪಿನಲ್ಲಿ ಪರಿಣಾಮ ಬೇಗ ಕಂಡಿತು. ಇದನ್ನು ಹಿಡಿದು ‘ಮಾತ್ರೆ ಬಿಡಿ, ಓಡಿ’ ಎನ್ನುವವರು ಒಂದು ವಿವರ ಮರೆಯುತ್ತಾರೆ: ಅಲ್ಲಿ ವಾರಕ್ಕೆ ಮೂರು ಸಲ ವ್ಯಾಯಾಮ ಮಾಡಿಸಲು ಜನ ನಿಂತಿದ್ದರು, ಗುಂಪಿತ್ತು, ಬರುವಿಕೆಯನ್ನು ಕಾಯುವವರಿದ್ದರು. ಕೌಚ್ ಟು 5ಕೆಯಲ್ಲೂ ವಾರಕ್ಕೆ ಮೂರೇ ದಿನ, ಆದರೆ ಕಾಯುವವರು ಯಾರೂ ಇಲ್ಲ. ಇಯರ್‌ಫೋನಿನ ದನಿ ನೀವು ಬರಲಿಲ್ಲ ಎಂದು ಫೋನ್ ಮಾಡುವುದಿಲ್ಲ. ಹಾಗಾಗಿ ವಾರದ ಮೂರರಲ್ಲಿ ಒಂದು ದಿನವಾದರೂ ಯಾರಾದರೂ ಜೊತೆಗಿರಲಿ. ಅವರು ಓಡದೆ ಬೆಂಚಿನ ಮೇಲೆ ಕೂತು ಪೇಪರ್ ಓದಿದರೂ ಆದೀತು.

ಇನ್ನೊಂದು ಲೆಕ್ಕ ಅಭ್ಯಾಸದ್ದು. 21 ದಿನ ಮಾಡಿದರೆ ಚಟವಾಗುತ್ತದೆ ಎಂಬ ಮಾತು ವಾಟ್ಸಾಪಿನಲ್ಲಿ ಸುತ್ತುತ್ತಲೇ ಇರುತ್ತದೆ. ಲಂಡನ್ನಿನ ಯುನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಪ್ರಕಾರ, ಒಂದು ಕೆಲಸ ಯೋಚಿಸದೆ ತಾನಾಗಿ ಆಗುವಂತಾಗಲು ಬೇಕಾದದ್ದು ಸರಾಸರಿ 66 ದಿನ. ಒಬ್ಬೊಬ್ಬರಿಗೆ 18 ದಿನದಿಂದ 254 ದಿನದವರೆಗೆ. ಅದೂ ದಿನಾ ಮಾಡುವ ಕೆಲಸದ ಲೆಕ್ಕ. ಒಂಬತ್ತು ವಾರ ಅಂದರೆ 63 ದಿನ, ಓಡುವುದು ಅದರಲ್ಲಿ 27 ದಿನ ಮಾತ್ರ. ಅಂದಮೇಲೆ ಪಟ್ಟಿ ಮುಗಿಯುವ ಹೊತ್ತಿಗೆ ಓಟ ಬಹಳ ಜನರಿಗೆ ಇನ್ನೂ ಅಭ್ಯಾಸವಾಗಿರುವುದಿಲ್ಲ. ಅದೇ ಅಧ್ಯಯನದ ಇನ್ನೊಂದು ಮಾತು ಸಮಾಧಾನದ್ದು: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂಡಿಬರುವುದಕ್ಕೆ ಅಂಥ ಧಕ್ಕೆಯೇನೂ ಆಗುವುದಿಲ್ಲ.

ಇದನ್ನು ಕೆಲಸಕ್ಕೆ ಇಳಿಸುವುದು ಹೀಗೆ. ವಾರದ ಏಳು ದಿನವೂ, ಓಟವಿಲ್ಲದ ದಿನವೂ, ಹಾಲಿನ ಪ್ಯಾಕೆಟ್ ಒಳಗಿಟ್ಟ ಕೂಡಲೇ ಶೂ ಹಾಕಿ ಗೇಟು ದಾಟಿ. ಓಟದ ದಿನ ಓಡಿ, ಉಳಿದ ದಿನ ಹತ್ತು ನಿಮಿಷ ನಡೆದು ಬನ್ನಿ. ಅಭ್ಯಾಸವಾಗಬೇಕಾದದ್ದು ಓಟವಲ್ಲ, ಗೇಟು ದಾಟುವುದು. ಏನೂ ಬೇಡ ಅನ್ನಿಸುವ ದಿನಕ್ಕೆ ಒಂದು ಕನಿಷ್ಠ ಅಳತೆ ಮೊದಲೇ ಗೊತ್ತುಮಾಡಿಕೊಳ್ಳಿ: ಶೂ, ಗೇಟು, ಪಟ್ಟಿಯ ಮೊದಲ ಐದು ನಿಮಿಷದ ನಡಿಗೆ. ಅಲ್ಲಿಗೆ ಬಂದು ವಾಪಸಾದರೂ ಅವತ್ತಿನ ಲೆಕ್ಕಕ್ಕೆ ಟಿಕ್. ಬಹಳಷ್ಟು ದಿನ ಕಾಲು ತಾನಾಗಿ ಮುಂದುವರಿಯುತ್ತದೆ, ಮುಂದುವರಿಯದ ದಿನವೂ ಟಿಕ್ ಟಿಕ್ಕೇ.

ಟಿಕ್ ಹಾಕಲು ಆಪ್ ಬೇಡ, ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಒಳ್ಳೆಯದು. ಆಪ್‌ಗಳ ‘ಸತತ ಇಷ್ಟು ದಿನ’ ಎಂಬ ಲೆಕ್ಕ ಹೊಸಬರಿಗೆ ಹುರುಪು ಕೊಡುತ್ತದೆ, ನಿಜ. ಆದರೆ ಜ್ವರ ಬಂದ ದಿನ 31 ಇದ್ದದ್ದು ಸೊನ್ನೆಯಾಗಿ ಕೂತರೆ, ಮನಸ್ಸು ಸರಿಯಿಲ್ಲದವರಿಗೆ ಅದು ಮುಖಕ್ಕೆ ಹೊಡೆದಂತೆ. ಸತತದ ಬದಲು ತಿಂಗಳ ಒಟ್ಟು ಎಣಿಸಿ. ಒಂದು ದಿನ ತಪ್ಪಿದರೆ ಹನ್ನೆರಡು ಇದ್ದದ್ದು ಹನ್ನೊಂದಾಗುತ್ತದೆಯೇ ಹೊರತು ಸೊನ್ನೆಯಾಗುವುದಿಲ್ಲ. ಅದೇ ಚೌಕದಲ್ಲಿ ಎರಡು ಅಂಕಿ ಬರೆಯಿರಿ: ಹೊರಡುವ ಮುಂಚೆ ಮನಸ್ಸು ಹತ್ತಕ್ಕೆ ಎಷ್ಟಿತ್ತು, ಬಂದು ಹದಿನೈದು ನಿಮಿಷದ ಮೇಲೆ ಎಷ್ಟು. 4/6, 5/6, 3/3, ಹೀಗೆ. ಹತ್ತು ಸಲ ಬರೆದ ಮೇಲೆ ನೋಡಿದರೆ ಯಾವ ಹೊತ್ತು, ಯಾವ ಜಾಗ, ಯಾವ ವೇಗ ನಿಮಗೆ ಒಗ್ಗುತ್ತದೆ ಎಂಬುದು ಕಾಣುತ್ತದೆ. ಎರಡನೇ ಅಂಕಿ ಮತ್ತೆ ಮತ್ತೆ ಮೊದಲನೆಯದಕ್ಕಿಂತ ಕೆಳಗಿದ್ದರೆ ವೇಗ ಹೆಚ್ಚಾಗಿದೆ, ಇಲ್ಲವೇ ನಿದ್ದೆ ಸಾಲುತ್ತಿಲ್ಲ.

ಆತಂಕದ ದಾಳಿ ಬರುವವರಿಗೆ ಒಂದು ಎಚ್ಚರ. ಓಡುವಾಗಿನ ಎದೆಬಡಿತ, ಬೆವರು, ಏದುಸಿರು ಆ ದಾಳಿಯ ಲಕ್ಷಣಗಳನ್ನೇ ಹೋಲುತ್ತವೆ. ಮೊದಲ ಎರಡು ವಾರ ಹೆದರಿಕೆಯಾಗುವುದು ಸಹಜ. ಮೊದಲ ವಾರದ 60 ಸೆಕೆಂಡನ್ನು 30ಕ್ಕೆ ಇಳಿಸಿ, ಮನೆಗೆ ಹತ್ತಿರದ ಚಿಕ್ಕ ಸುತ್ತಿನಲ್ಲೇ ಓಡಿ. ಎದೆ ಬಡಿದುಕೊಂಡದ್ದು ನಡೆದಾಗ ಎರಡು ಮೂರು ನಿಮಿಷದಲ್ಲಿ ತಾನಾಗಿ ಇಳಿಯುವುದನ್ನು ಗಮನಿಸಿ. ಎದೆ ಹಿಂಡಿದಂಥ ನೋವು, ಕಣ್ಣು ಕತ್ತಲೆ, ತೋಳಿಗೋ ದವಡೆಗೋ ಹರಡುವ ನೋವು ಬಂದರೆ ಮಾತ್ರ ‘ಆತಂಕ ಇರಬೇಕು’ ಎಂದು ಕೂರದೆ ನೇರ ಆಸ್ಪತ್ರೆಗೆ.

ಮಾತ್ರೆಗಳ ಬಗ್ಗೆ ಆಪ್‌ಗಳು ಹೇಳದ ಎರಡು ವಿಷಯ. ಆತಂಕಕ್ಕೆ ಪ್ರೊಪ್ರನಲಾಲ್ ಕೊಟ್ಟಿದ್ದರೆ ಅದು ಎದೆಬಡಿತವನ್ನು ತಗ್ಗಿಸಿ ಹಿಡಿಯುತ್ತದೆ, ಹಾಗಾಗಿ ವಾಚಿನ ಹಾರ್ಟ್ ರೇಟ್ ನೋಡಿ ವೇಗ ನಿರ್ಧರಿಸಿದರೆ ಲೆಕ್ಕ ತಪ್ಪುತ್ತದೆ. ಅಲ್ಲಿ ಮಗ್ಗಿಯೇ ಗತಿ. ಮನಸ್ಸಿನ ವಿಪರೀತ ಏರಿಳಿತಕ್ಕೆ ಕೊಡುವ ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ಬೆವರಿ ನೀರು ಕಮ್ಮಿಯಾದರೆ ರಕ್ತದಲ್ಲಿ ಮದ್ದಿನ ಮಟ್ಟ ಏರಬಹುದು. ಪಟ್ಟಿ ಶುರುಮಾಡುವ ಮುಂಚೆ ಮದ್ದು ಬರೆದುಕೊಟ್ಟವರಿಗೆ ಹೇಳಿ. ಓಟ ಚೆನ್ನಾಗಿ ಕೈಹಿಡಿಯಿತೆಂದು ಯಾವ ಮಾತ್ರೆಯನ್ನೂ ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು.

ಎರಡು ವಾರ ಮೀರಿ ಯಾವುದರಲ್ಲೂ ಆಸಕ್ತಿಯಿಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೇ ಬೇಡ ಅನ್ನಿಸುತ್ತಿದೆ ಎಂದಾದರೆ ಅದು ಓಟದ ಪಟ್ಟಿ ಬಗೆಹರಿಸುವ ವಿಷಯವಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ, ಸಂಖ್ಯೆ 14416. ಇಪ್ಪತ್ನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಇನ್ನೊಂದು ತುದಿಯನ್ನೂ ಗಮನದಲ್ಲಿಡಿ: ಬಿಡುವಿನ ದಿನ ಕಳ್ಳತನ ಮಾಡಿದಂತೆ ಅನ್ನಿಸುವುದು, ಕುಂಟುತ್ತಲೂ ಓಡುವುದು, ತಿಂದ ಹೋಳಿಗೆಗೆ ದಂಡ ಕಟ್ಟಲು ಓಡುವುದು. ಇವು ಶಿಸ್ತಿನ ಲಕ್ಷಣಗಳಲ್ಲ, ಕಾಯಿಲೆಯ ಬಾಗಿಲು.

ನಮ್ಮ ನೆಲಕ್ಕೆ ಒಗ್ಗಿಸುವುದು

ಹೊರದೇಶದ ಈ ಪಟ್ಟಿ ಬೀದಿನಾಯಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೆಳಗಿನ ಜಾವ ಓಡುವವರನ್ನು ಕಂಡರೆ ನಾಯಿಗೆ ಬೆನ್ನಟ್ಟುವುದೇ ಗೊತ್ತು. ನಾಯಿಯಿರುವ ತಿರುವಿಗೆ ಇಪ್ಪತ್ತು ಹೆಜ್ಜೆ ಮುಂಚೆಯೇ ಓಟ ಬಿಟ್ಟು ನಡೆಯಿರಿ, ಕಣ್ಣಿಗೆ ಕಣ್ಣಿಟ್ಟು ನೋಡಬೇಡಿ, ಬೆನ್ನು ತೋರಿಸಿ ಓಡಬೇಡಿ. ಪಟ್ಟಿಯ ನಡಿಗೆಯ ನಿಮಿಷಗಳನ್ನು ಅಲ್ಲಿಗೇ ಹೊಂದಿಸಿಕೊಂಡರೆ ಇನ್ನೂ ಸರಿ. ಕಚ್ಚಿದರೆ, ಪರಚಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಇಂಜೆಕ್ಷನ್‌ಗೆ ಹೋಗಿ.

ಬೆಂಗಳೂರಿನ ಬಡಾವಣೆಯ ಪಾರ್ಕುಗಳಲ್ಲಿ ಸುತ್ತು ಚಿಕ್ಕದು, ಎಲ್ಲರೂ ಪ್ರದಕ್ಷಿಣೆ ಹಾಕಿದಂತೆ ಒಂದೇ ದಿಕ್ಕಿಗೆ ನಡೆಯುತ್ತಾರೆ. ಚಿಕ್ಕ ಸುತ್ತಿನಲ್ಲಿ ಸದಾ ಒಂದೇ ಕಡೆ ತಿರುಗಿದರೆ ಒಂದು ಸೊಂಟ, ಒಂದು ಮಂಡಿಗೆ ಹೊರೆ ಹೆಚ್ಚು. ಜನ ಕಮ್ಮಿಯಿರುವ ಹೊತ್ತು ನೋಡಿ ದಿಕ್ಕು ಬದಲಿಸಿ, ಆಗದಿದ್ದರೆ ವಾರಕ್ಕೊಂದು ದಿನ ನೇರ ರಸ್ತೆ ಹಿಡಿಯಿರಿ. ಭಾನುವಾರ ವಾಹನವಿಲ್ಲದ ಕಬ್ಬನ್ ಪಾರ್ಕ್ ಇದಕ್ಕೆ ಹೇಳಿಮಾಡಿಸಿದ ಜಾಗ. ಮಲೆನಾಡಿನಲ್ಲಿ ಮಳೆಗಾಲದ ಇಂಟರ್‌ಲಾಕ್ ಟೈಲ್ಸ್ ಪಾಚಿ ಹಿಡಿದು ಸೋಪಿನಂತಾಗಿರುತ್ತದೆ, ಅಲ್ಲಿ ಡಾಂಬರೇ ವಾಸಿ. ಊರಿನ ಹೈಸ್ಕೂಲ್ ಮೈದಾನದ ಮಣ್ಣು ಎಲ್ಲಕ್ಕಿಂತ ಒಳ್ಳೆಯದು, ಗುಂಡಿ ನೋಡಿಕೊಂಡರಾಯಿತು. 400 ಮೀಟರಿನ ಟ್ರ್ಯಾಕ್ ಸಿಕ್ಕರೆ ಹನ್ನೆರಡೂವರೆ ಸುತ್ತಿಗೆ 5 ಕಿಲೋಮೀಟರ್, ಒಳಗಿನ ಲೇನಿನಲ್ಲಿ ಮಾತ್ರ. ಎಂಟನೇ ಲೇನಿನ ಸುತ್ತು ಅದಕ್ಕಿಂತ ಐವತ್ತಕ್ಕೂ ಹೆಚ್ಚು ಮೀಟರ್ ಉದ್ದ.

ಕಲಬುರಗಿ, ರಾಯಚೂರಿನ ಏಪ್ರಿಲ್ ಮೇ ತಿಂಗಳಲ್ಲಿ ಹೊತ್ತು ಹುಟ್ಟುವಷ್ಟರಲ್ಲಿ ಓಟ ಮುಗಿದಿರಬೇಕು. ಕರಾವಳಿಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ, ಹಾಗಾಗಿ ಅದೇ ವೇಗ ಮಂಗಳೂರಿನಲ್ಲಿ ಮೈಸೂರಿಗಿಂತ ಭಾರ. ಅಲ್ಲಿ ಮೊದಲ ವಾರವನ್ನೇ ಎರಡು ಸಲ ಮಾಡುವುದರಲ್ಲಿ ನಾಚಿಕೆಯಿಲ್ಲ. ಮಳೆ, ಮದುವೆ, ಪರೀಕ್ಷೆ ಎಂದು ಬಿಟ್ಟುಹೋದರೆ: ಒಂದು ವಾರ ತಪ್ಪಿದರೆ ಕೊನೆಗೆ ಮಾಡಿದ ವಾರವನ್ನೇ ಮತ್ತೆ ಮಾಡಿ, ಎರಡು ವಾರ ತಪ್ಪಿದರೆ ಎರಡು ವಾರ ಹಿಂದಕ್ಕೆ, ತಿಂಗಳು ಕಳೆದಿದ್ದರೆ ಎರಡನೇ ವಾರದಿಂದ.

ಕನ್ನಡದ ದನಿ ಎನ್‌ಎಚ್‌ಎಸ್ ಆಪಿನಲ್ಲಿ ಇಲ್ಲ. ಇಂಗ್ಲಿಷ್ ಹುರಿದುಂಬಿಕೆ ಬೇಡ ಅನ್ನುವವರಿಗೆ ಫೋನಿನ ಯಾವುದೇ ಉಚಿತ ಇಂಟರ್ವಲ್ ಟೈಮರ್ ಸಾಕು. ಓಟ, ನಡಿಗೆಯ ಸೆಕೆಂಡು ತುಂಬಿಸಿ ಕಂಪನಕ್ಕೆ ಇಟ್ಟು ಜೇಬಿಗೆ ಹಾಕಿ. ಕಿವಿ ಖಾಲಿಯಿದ್ದರೆ ಸ್ಕೂಟರಿನ ಸದ್ದೂ ಕೇಳುತ್ತದೆ.

ಒಂಬತ್ತನೇ ವಾರದ ಆಚೆ

ಪಟ್ಟಿಯ ದೊಡ್ಡ ಕೊರತೆ ಎರಡು. ಒಂದು, ಕಾಲಿಗೆ ಬಲ ತುಂಬುವ ಕೆಲಸ ಅದರಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ 150 ನಿಮಿಷ ಮಧ್ಯಮ ಶ್ರಮ ಅಥವಾ 75 ನಿಮಿಷ ಬಿರುಸಿನ ಶ್ರಮ, ಜೊತೆಗೆ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ. ಏಳನೇ ವಾರಕ್ಕೆ ಓಟದ 75 ನಿಮಿಷ ಬಂತು, ಎರಡನೆಯ ಅರ್ಧ ಬಾಕಿಯೇ ಉಳಿಯಿತು. ಓಟವಿಲ್ಲದ ಎರಡು ದಿನ ಹನ್ನೆರಡು ನಿಮಿಷ ಕೊಡಿ: ಬಸ್ಕಿ 12, ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ ನಿಧಾನಕ್ಕೆ ಇಳಿಸುವುದು 15, ಅಂಗಾತ ಮಲಗಿ ಸೊಂಟ ಎತ್ತುವುದು 12, ಗೋಡೆಗೆ ಕೈಯಿಟ್ಟು ದಂಡ 10. ಇದು ಎರಡು ಸುತ್ತು. ಬಸ್ಕಿಯಲ್ಲಿ ಮಂಡಿ ನೋಯುವವರು ಕುರ್ಚಿಯ ಮೇಲೆ ಕೂತು ಏಳುವುದೇ ಸಾಕು.

ಎರಡು, ಮೂವತ್ತು ನಿಮಿಷ ಮುಗಿಸಿದ ಮರುದಿನ ಏನು ಎಂಬುದಕ್ಕೆ ಮೂಲಪಟ್ಟಿಯಲ್ಲಿ ಉತ್ತರವಿಲ್ಲ. ಅಷ್ಟು ದಿನ ಕಿವಿಯಲ್ಲಿ ಹೇಳುತ್ತಿದ್ದ ದನಿ ಶಹಬ್ಬಾಸ್ ಎಂದು ಸುಮ್ಮನಾಗುತ್ತದೆ. ಓಟ ಬಿಟ್ಟುಹೋಗುವುದು ಹೆಚ್ಚಾಗಿ ಈ ಹೊತ್ತಿಗೆ. ಇಲ್ಲವೇ ಹುಮ್ಮಸ್ಸಿಗೆ ಬಿದ್ದು, 2008ರಿಂದ ಬೆಂಗಳೂರಿನಲ್ಲಿ ನಡೆಯುತ್ತಿರುವ ವರ್ಲ್ಡ್ 10ಕೆಯಂಥ ಓಟಕ್ಕೆ ಮುಂದಿನ ತಿಂಗಳಿಗೇ ಹೆಸರು ಕೊಡುವುದುಂಟು. ಹತ್ತು ಕಿಲೋಮೀಟರಿಗೆ ಇನ್ನೂ ಮೂರು ತಿಂಗಳಾದರೂ ಬೇಕು.

ಹಾಗಾಗಿ ಒಂಬತ್ತನೇ ವಾರದ ಎರಡನೇ ಓಟ ಮುಗಿದ ದಿನವೇ ಮುಂದಿನ ನಾಲ್ಕು ವಾರವನ್ನು ಕ್ಯಾಲೆಂಡರಿನಲ್ಲಿ ಪೆನ್ಸಿಲ್ಲಿನಿಂದ ತುಂಬಿಸಿ. ವಾರದ ಎರಡು ಓಟ 25, 30 ನಿಮಿಷದಲ್ಲೇ ನಿಲ್ಲಲಿ, ಭಾನುವಾರದ ಒಂದು ಓಟವನ್ನು ಮಾತ್ರ ವಾರಕ್ಕೆ ಎರಡೂವರೆ ನಿಮಿಷದಂತೆ ಏರಿಸಿ. ನಾಲ್ಕನೇ ಭಾನುವಾರ 40 ನಿಮಿಷವಾಗುತ್ತದೆ, ಕಿಲೋಮೀಟರಿಗೆ 8 ನಿಮಿಷದವರಿಗೆ ಹೆಸರಿನಲ್ಲಿರುವ 5 ಕಿಲೋಮೀಟರ್ ಆಗುವುದು ಅವತ್ತು.